ಲಿಮಾದಿಂದ ಕುಸ್ಕೋಗೆ: ಕಿಲೋಮೀಟರ್ ನೋಡಿ ಬಸ್ ಹತ್ತಬೇಡಿ

ನಕ್ಷೆಯಲ್ಲಿ ಗೆರೆ ಎಳೆದರೆ ಪೆರುವಿನ ಲಿಮಾದಿಂದ ಕುಸ್ಕೋಗೆ ಸುಮಾರು 580 ಕಿ.ಮೀ. ಬೆಂಗಳೂರಿನಿಂದ ಬೀದರ್‌ಗೆ ಹಾಗೇ ಗೆರೆ ಎಳೆದರೂ ಹೆಚ್ಚುಕಡಿಮೆ ಅಷ್ಟೇ, ಅಲ್ವಾ? ರಾತ್ರಿ ಬಸ್‌ನಲ್ಲಿ ಮಲಗಿ ಹೋದರಾಯಿತು ಅಂದುಕೊಂಡೆವು.

ಆದರೆ ನಡುವೆ ಆಂಡಿಸ್ ಪರ್ವತ ಅಡ್ಡ ಮಲಗಿದೆ. ಬಸ್ ಮೊದಲು ಕರಾವಳಿ ಹಿಡಿದು ದಕ್ಷಿಣಕ್ಕೆ ನಾಸ್ಕಾವರೆಗೆ ಹೋಗುತ್ತದೆ, ಆಮೇಲೆ ಬೆಟ್ಟ ಹತ್ತುತ್ತದೆ. ರಸ್ತೆ ಲೆಕ್ಕ ಸುಮಾರು 1,100 ಕಿ.ಮೀ. ಕೌಂಟರಿನಲ್ಲಿ 20 ಗಂಟೆ ಅಂದರು. ನಾವು ಇಳಿದಾಗ 27 ಗಂಟೆ ಆಗಿತ್ತು. ದಾರಿಯಲ್ಲಿ ಮಣ್ಣು ಕುಸಿದಿತ್ತು ನಿಜ, ಆದರೆ ನೇರ ಬಸ್ ಅಂತ ದುಡ್ಡು ತೆಗೆದುಕೊಂಡು ಅಬಾಂಕಾಯ್‌ನಲ್ಲಿ ಬೇರೆ ಹಳೇ ಬಸ್ಸಿಗೆ ಹತ್ತಿಸಿದ್ದನ್ನು ನಾನು ಈಗಲೂ ಕ್ಷಮಿಸಿಲ್ಲ.

ನಾಸ್ಕಾ ದಾಟಿದ ಮೇಲೆ ರಾತ್ರಿಯಿಡೀ ತಿರುವು. ಮೇಲಿನ ಅಂತಸ್ತಿನ ಸೀಟು ತೊಟ್ಟಿಲಿನ ಹಾಗೆ ತೂಗುತ್ತಿತ್ತು. ನನ್ನ ಹೆಂಡತಿ ಪ್ಲಾಸ್ಟಿಕ್ ಕವರ್ ಕೈಯಿಂದ ಬಿಡಲಿಲ್ಲ. ದಾರಿ 4,000 ಮೀಟರ್‌ಗಿಂತ ಮೇಲೆ ಹೋಗುತ್ತದೆ, ತಲೆ ಸಿಡಿಯುತ್ತಿತ್ತು. ಪಕ್ಕದ ಅಜ್ಜಿ ಸೆರಗಿನಂಥ ಬಟ್ಟೆಯ ಗಂಟು ಬಿಚ್ಚಿ ನಾಲ್ಕು ಕೋಕಾ ಎಲೆ ಕೊಟ್ಟರು. ಅಗಿದು ನುಂಗಬೇಡ, ಕೆನ್ನೆಯಲ್ಲಿಟ್ಟುಕೋ ಅಂತ ಕೈಸನ್ನೆಯಲ್ಲೇ ತೋರಿಸಿದರು, ಥೇಟ್ ನಮ್ಮ ಎಲೆ ಅಡಿಕೆ ಥರ. ಸ್ವಲ್ಪ ಸಮಾಧಾನ ಆಯಿತು. ಆದರೆ ಆ ಎಲೆಯಾಗಲಿ, ಅದರ ಟೀ ಪೊಟ್ಟಣವಾಗಲಿ ಊರಿಗೆ ತರಬೇಡಿ. ಭಾರತದಲ್ಲಿ ಕೋಕಾ ಎಲೆ ನಿಷಿದ್ಧ.

ಬಸ್ಸಲ್ಲೇ ಹೋಗ್ತೀವಿ ಅನ್ನುವವರು ಕೆಳಗಿನ ಅಂತಸ್ತಿನ ಸೀಟು ತಗೊಳ್ಳಿ, ಅಲುಗಾಟ ಕಡಿಮೆ. ನನ್ನನ್ನು ಕೇಳಿದರೆ ವಿಮಾನವೇ ಸರಿ. ಒಂದೂಕಾಲು ಗಂಟೆ ಅಷ್ಟೇ. ಲಿಮಾದಿಂದ ಹೋಗುವಾಗ ಎಡಗಡೆ ಕಿಟಕಿ ಕೇಳಿ, ಮೋಡವಿಲ್ಲದಿದ್ದರೆ ಹಿಮದ ಶಿಖರಗಳು ಕಾಣುತ್ತವೆ.

ವಿಮಾನದಲ್ಲಿ ಇನ್ನೊಂದು ತೊಂದರೆ ಇದೆ. ಸಮುದ್ರದ ಪಕ್ಕದಿಂದ ಎದ್ದವರು ಅಷ್ಟೇ ಹೊತ್ತಿನಲ್ಲಿ 3,400 ಮೀಟರ್ ಎತ್ತರದಲ್ಲಿ ಇಳಿಯುತ್ತೀರಿ. ನಮ್ಮ ಮುಳ್ಳಯ್ಯನಗಿರಿ 2,000 ಮೀಟರ್ ಕೂಡ ಇಲ್ಲ. ಹಾಗಾಗಿ ಮೊದಲ ದಿನ ಊರು ಸುತ್ತಬೇಡಿ. ಇನ್ನೂ ಒಳ್ಳೆಯದು, ಇಳಿದ ಕೂಡಲೇ ಕೆಳಗಿನ ಕಣಿವೆಯ ಊರಾದ ಒಯಾಂಟಾಯ್‌ಟಾಂಬೋಗೆ ಹೋಗಿಬಿಡಿ. ಅದು ಸುಮಾರು 2,800 ಮೀಟರ್, ನಿದ್ದೆ ಬರುತ್ತದೆ. ಕುಸ್ಕೋ ಕೊನೆಗೆ ನೋಡಿ.

ಕುಸ್ಕೋದಲ್ಲಿ ಹೊಟ್ಟೆಗೆ ಸಾನ್ ಪೆದ್ರೋ ಮಾರುಕಟ್ಟೆ. ಮುಖ್ಯ ಚೌಕದ ಹೋಟೆಲುಗಳು ಸುಮ್ನೆ ದುಬಾರಿ. ಮಾರುಕಟ್ಟೆಯಲ್ಲಿ ಹಣ್ಣಿನ ರಸದ ಅಂಗಡಿಗಳದ್ದೇ ಒಂದು ಸಾಲು. ಪಪ್ಪಾಯ, ಅನಾನಸ್ ಎದುರಿಗೇ ಹೆಚ್ಚಿ ರುಬ್ಬುತ್ತಾರೆ. ದೊಡ್ಡ ಲೋಟ ಮುಗಿಸಿ ಏಳುವಾಗ ಅಂಗಡಿಯಾಕೆ ಕೂರಲು ಹೇಳಿ, ಮಿಕ್ಸಿಯಲ್ಲಿ ಉಳಿದದ್ದನ್ನು ಮತ್ತೆ ಲೋಟಕ್ಕೆ ಸುರಿದರು. ಅದಕ್ಕೆ ಅಲ್ಲಿ 'ಯಾಪಾ' ಅನ್ನುತ್ತಾರೆ. ನಮ್ಮ ಸಂತೆಯ ಕೊಸರು! ನಾಲ್ಕು ದಿನವೂ ಅಲ್ಲೇ ಕುಡಿದೆವು. ದಪ್ಪ ಕಾಳಿನ, ಅಂಗೈ ಉದ್ದದ ಬೇಯಿಸಿದ ಮುಸುಕಿನ ಜೋಳದ ತೆನೆ, ಜೊತೆಗೆ ಒಂದು ತುಂಡು ಚೀಸ್, ಅದೇ ಮಧ್ಯಾಹ್ನದ ಊಟ. ಸಸ್ಯಾಹಾರಿಗಳು ಸ್ಪ್ಯಾನಿಷ್‌ನಲ್ಲಿ 'ಸಿನ್ ಕಾರ್ನೆ' (ಮಾಂಸ ಇಲ್ಲದೆ) ಎಂದಷ್ಟೇ ಹೇಳಿದರೆ ಸಾಲದು, ಸೂಪಿನಲ್ಲಿ ಕೋಳಿ ಬರುತ್ತದೆ. 'ಸಿನ್ ಪೋಯೋ' (ಕೋಳಿ ಇಲ್ಲದೆ) ಅಂತಲೂ ಸೇರಿಸಿ.

ವಾಪಸ್ ವಿಮಾನ ಮಳೆ ಮೋಡದಿಂದ ಮೂರು ಗಂಟೆ ತಡವಾಯಿತು. ಡಿಸೆಂಬರ್‌ನಿಂದ ಮಾರ್ಚ್ ಅಲ್ಲಿ ಮಳೆಗಾಲ. ಊರಿಗೆ ಬರುವ ವಿಮಾನವನ್ನು ಅದೇ ದಿನಕ್ಕೆ ಇಟ್ಟುಕೊಳ್ಳಬೇಡಿ, ಒಂದು ರಾತ್ರಿ ಲಿಮಾದಲ್ಲಿ ಉಳಿಯಿರಿ.