ಅಂಗಡಿಯ ಗುಳಿಗೆ ಮತ್ತು ಆಶಾ ಕಾರ್ಯಕರ್ತೆಯರ ತರಬೇತಿ

ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರಿಗೆ ಔಷಧ ಸುರಕ್ಷತೆಯ ತರಬೇತಿ ಕೊಡುವುದು ನನ್ನ ಕೆಲಸ. ಜ್ವರವೋ ಮೈಕೈ ನೋವೋ ಬಂದರೆ ಜನ ಮೊದಲು ಹೋಗುವುದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕಲ್ಲ, ಮನೆಯ ಪಕ್ಕದ ಕಿರಾಣಿ ಅಂಗಡಿಗೆ. ಅಂಗಡಿಯವರನ್ನು ಹೊರಗಿಟ್ಟು ಔಷಧ ಸುರಕ್ಷತೆಯ ಮಾತಾಡಿದರೆ ಪ್ರಯೋಜನವಿಲ್ಲ.

ತರಬೇತಿಯಲ್ಲಿ ಕಾನೂನು ಆಮೇಲೆ. ಮೊದಲು ಎಲ್ಲರ ಕೈಗೂ ಒಂದೊಂದು ಗುಳಿಗೆ ಪಟ್ಟಿ ಮತ್ತು ಕತ್ತರಿ ಕೊಡುತ್ತೇವೆ. ಎರಡು ಗುಳಿಗೆ ಕೇಳಿದವರಿಗೆ ಎಲ್ಲಿಂದ ಕತ್ತರಿಸುತ್ತೀರಿ ಎಂದು ಕೇಳುತ್ತೇವೆ. ಬಹಳಷ್ಟು ಪಟ್ಟಿಗಳಲ್ಲಿ ಅವಧಿ ಮುಗಿಯುವ ದಿನಾಂಕ ಒಂದು ತುದಿಯಲ್ಲಿ ಮಾತ್ರ ಇರುತ್ತದೆ. ಆ ತುದಿಯೇ ಮೊದಲು ಹೋದರೆ, ಉಳಿದ ಗುಳಿಗೆ ‘ಡೇಟ್ ಬಾರ್’ ಆಗಿದೆಯೇ ಎಂದು ಮಾರುವವರಿಗೂ ತಿಳಿಯದು. ದಿನಾಂಕದ ತುದಿಯನ್ನು ಕೊನೆಗೆ ಉಳಿಸಿ ಎಂದು ಕಾರ್ಯಕರ್ತೆ ಹೇಳಿದರೆ ಅಂಗಡಿಯವರು ಕೂಡಲೇ ಒಪ್ಪುತ್ತಾರೆ. ಅದರಿಂದ ಅವರಿಗೆ ನಷ್ಟವೇನೂ ಇಲ್ಲ. ಇಷ್ಟು ಒಪ್ಪಿದವರು ಮುಂದಿನ ಮಾತಿಗೂ ಕಿವಿಗೊಡುತ್ತಾರೆ.

ಆ ಮುಂದಿನ ಮಾತು ಕೆಂಪು ಗೆರೆಯದು. ಅಜಿತ್ರೊಮೈಸಿನ್ ಎಂಬ ಆ್ಯಂಟಿಬಯಾಟಿಕ್, ಡೈಕ್ಲೊಫೆನಾಕ್ ಎಂಬ ನೋವಿನ ಗುಳಿಗೆ, ಇಂಥವುಗಳ ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ, ವೈದ್ಯರ ಚೀಟಿಯಿಲ್ಲದೆ ಕೊಡುವಂತಿಲ್ಲ ಎಂದರ್ಥ. ಇಂಗ್ಲಿಷ್ ಓದಲು ಬಾರದವರಿಗೂ ಗೆರೆ ಕಾಣುತ್ತದೆ. ಒಂದು ಸಾವಿರಕ್ಕಿಂತ ಹೆಚ್ಚು ಜನರಿಲ್ಲದ ಹಳ್ಳಿಯಲ್ಲಿ ಪ್ಯಾರಾಸಿಟಮಾಲ್, ನೋವಿನ ಮುಲಾಮಿನಂಥ ಕೆಲವನ್ನು ಪರವಾನಗಿ ಇಲ್ಲದೆ ಮಾರಲು ನಿಯಮವೇ ಅವಕಾಶ ಕೊಟ್ಟಿದೆ. ಕೆಂಪು ಗೆರೆಯವು ಅದರಲ್ಲಿ ಸೇರುವುದಿಲ್ಲ.

ಆದರೆ ತಪಾಸಣೆ ಮಾಡುವುದು ಔಷಧ ನಿರೀಕ್ಷಕರ ಕೆಲಸ. ಆಶಾ ಕಾರ್ಯಕರ್ತೆ ಅದೇ ಓಣಿಯವರು. ಅವರು ಜಬರಿಸಿದರೆ ಗುಳಿಗೆ ಡಬ್ಬಿ ಚೀಲದ ಹಿಂದೆ ಸರಿಯುತ್ತದೆ, ಮಾರಾಟ ಮಾತ್ರ ನಿಲ್ಲುವುದಿಲ್ಲ. ‘ಇದನ್ನೇಕೆ ಮಾರುತ್ತೀರಿ’ ಎನ್ನುವ ಬದಲು ‘ಅಣ್ಣಾ, ಇದನ್ನು ಯಾರು ಕೇಳಿಕೊಂಡು ಬರುತ್ತಾರೆ’ ಎಂದು ಕೇಳುವುದನ್ನು ನಾವು ಪಾತ್ರ ಹಂಚಿಕೊಂಡು ಅಭ್ಯಾಸ ಮಾಡಿಸುತ್ತೇವೆ. ನನ್ನ ಅನುಭವದಲ್ಲಿ ಇಡೀ ತರಬೇತಿಯ ಜೀವ ಈ ಪ್ರಶ್ನೆಯಲ್ಲಿದೆ. ಹತ್ತಿ ಬಿಡಿಸಿ ಸೊಂಟ ಹಿಡಿದವರು, ದಿನಾ ನೋವಿನ ಗುಳಿಗೆ ನುಂಗುವ ಬಿಪಿ ಇರುವ ಅಜ್ಜಿ, ಹೀಗೆ ಉತ್ತರ ಬರುತ್ತದೆ. ಮರುದಿನ ಯಾವ ಮನೆಗೆ ಹೋಗಬೇಕು ಎನ್ನುವುದು ಅಂಗಡಿಯಲ್ಲೇ ತಿಳಿಯುತ್ತದೆ. ದಿನಾ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು ಎಂಬುದನ್ನು ಅಜ್ಜಿಗೆ ಮನೆಯಲ್ಲೇ ಕುಳಿತು ಹೇಳಬೇಕು.

ಮಳೆಗಾಲದಲ್ಲಿ ಇನ್ನೊಂದು ಎಚ್ಚರ. ಡೆಂಗಿ ಇರಬಹುದಾದ ಜ್ವರಕ್ಕೆ ಆಸ್ಪಿರಿನ್, ಐಬುಪ್ರೊಫೇನ್ ಬೇಡ, ರಕ್ತಸ್ರಾವದ ಅಪಾಯವಿದೆ. ಪ್ಯಾರಾಸಿಟಮಾಲ್‌ಗೂ ಮಿತಿಯಿದೆ: ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೀರಬಾರದು. ನೆಗಡಿಯ ಅನೇಕ ಗುಳಿಗೆಗಳಲ್ಲೂ ಅದೇ ಔಷಧವಿರುವುದರಿಂದ ಎರಡನ್ನೂ ಒಟ್ಟಿಗೆ ಕೊಡಬಾರದು. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ನಿಮೆಸುಲೈಡ್ ಎಂಬ ನೋವು-ಜ್ವರದ ಔಷಧ ಕೊಡುವುದಕ್ಕೆ 2011ರಲ್ಲೇ ನಿಷೇಧವಾಗಿದೆ. ಗುಳಿಗೆ ನುಂಗಿ ಮೈಮೇಲೆ ಗಂದೆ ಎದ್ದರೆ ವೈದ್ಯರಿಗೆ ತೋರಿಸಬೇಕು, ಔಷಧದ ಅಡ್ಡಪರಿಣಾಮ ತಿಳಿಸುವ ಸಹಾಯವಾಣಿ 1800-180-3024ಕ್ಕೆ ಉಚಿತ ಕರೆ ಮಾಡಿಯೂ ತಿಳಿಸಬಹುದು. ಈ ಸಂಖ್ಯೆಯನ್ನು ಅಂಗಡಿಯ ಗೋಡೆಗೆ ಅಂಟಿಸಲು ಹೇಳುತ್ತೇವೆ.

ಕಾರ್ಯಕರ್ತೆಯ ಕಿಟ್‌ನಲ್ಲೇ ಪ್ಯಾರಾಸಿಟಮಾಲ್, ಓಆರ್‌ಎಸ್ ಇಲ್ಲದಿದ್ದರೆ ರಾತ್ರಿ ಜ್ವರ ಬಂದ ಮಗುವಿನ ತಾಯಿಗೆ ಅಂಗಡಿಯೇ ಗತಿ. ಹಾಗಾಗಿ ತರಬೇತಿಯ ದಿನ ಎಲ್ಲರ ಕಿಟ್ ತೆರೆಸಿ ನೋಡುತ್ತೇವೆ, ಖಾಲಿಯಾಗಿದ್ದರೆ ಆರೋಗ್ಯ ಕೇಂದ್ರಕ್ಕೆ ಅಲ್ಲೇ ಬೇಡಿಕೆ ಬರೆಸುತ್ತೇವೆ.