ಆಕಾಶಗಂಗೆಯ ನಡುಭಾಗಕ್ಕೆ ಒಂದು ದಿನ: ಕಾರ್ಯಾಗಾರದ ತಯಾರಿ ಎಲ್ಲಿಗೆ ಬಂತು

ದಿನ ಕೊನೆಗೂ ನಿಕ್ಕಿಯಾಯಿತು. ಚೈತ್ರದ ಅಮಾವಾಸ್ಯೆಗೆ ಹತ್ತಿರದ ಶನಿವಾರ, ಎಚ್.ಡಿ. ಕೋಟೆ ಕಡೆಯ ಒಂದು ಹೈಸ್ಕೂಲಿನಲ್ಲಿ. ಬರುವವರು ಇಪ್ಪತ್ತೈದು ಜನ. ಹೆಚ್ಚಿನವರು ಹೈಸ್ಕೂಲು, ಪಿಯು ವಿಜ್ಞಾನ ಮೇಷ್ಟ್ರುಗಳು. ವಿಷಯ ಒಂದೇ, ನಮ್ಮ ಆಕಾಶಗಂಗೆಯ ನಡುಭಾಗ.

ದಿನ ಹುಡುಕಲು ಜಾಸ್ತಿ ಹೊತ್ತು ಹಿಡಿಯಿತು. ಆ ಜಾಗ ನಡುರಾತ್ರಿಯಲ್ಲಿ ಅತಿ ಎತ್ತರಕ್ಕೆ ಬರುವುದು ಜೂನ್ ಮೂರನೇ ವಾರದಲ್ಲಿ. ಆಗ ನಮ್ಮಲ್ಲಿ ಮುಂಗಾರು. ಅಕ್ಟೋಬರ್‌ನಲ್ಲಿ ಕತ್ತಲಾಗುವ ಹೊತ್ತಿಗೇ ಪಡುವಣಕ್ಕೆ ಇಳಿದಿರುತ್ತದೆ. ಏಪ್ರಿಲ್ ನಡುವಿನಲ್ಲಾದರೆ ರಾತ್ರಿ ಹನ್ನೊಂದರ ಸುಮಾರಿಗೆ ಹುಟ್ಟಿ, ನಾಲ್ಕೂವರೆ ಹೊತ್ತಿಗೆ ದಕ್ಷಿಣದಲ್ಲಿ ಸುಮಾರು 49 ಡಿಗ್ರಿ ಎತ್ತರದಲ್ಲಿರುತ್ತದೆ. ಮ್ಯೂನಿಕ್‌ನಲ್ಲಿ ನಿಂತವರಿಗೆ ಇದು 13 ಡಿಗ್ರಿ ಮೇಲೇರುವುದಿಲ್ಲ. ಅದರ ಪಕ್ಕದ ಗಾರ್ಕಿಂಗ್‌ನಲ್ಲಿರುವ ಖಗೋಳ ವಿಜ್ಞಾನಿ ರೈನ್‌ಹಾರ್ಡ್ ಗೆನ್ಜೆಲ್ ಅವರ ತಂಡ ಇದನ್ನು ನೋಡಲು ಚಿಲಿಯ ದೂರದರ್ಶಕಗಳಿಗೆ ಹೋಗಬೇಕಾಯಿತು. ನಮ್ಮ ಮಕ್ಕಳಿಗೆ ಮನೆಯ ತಾರಸಿಯೇ ಸಾಕು. ಇದನ್ನು ನಾವು ಯಾರಿಗೂ ಸರಿಯಾಗಿ ಹೇಳಿಯೇ ಇಲ್ಲ, ಅಲ್ವಾ?

ತೋರಿಸುವುದೂ ಸುಲಭ. ವೃಶ್ಚಿಕದ ಬಾಲದಲ್ಲಿ ಮೂಲಾ, ಧನುವಿನಲ್ಲಿ ಪೂರ್ವಾಷಾಢ. ಇವೆರಡರ ನಡುವೆ, ಕೊಂಚ ಉತ್ತರಕ್ಕೆ ನೋಡಬೇಕು. ಮಾವಿನ ಮಳೆಯ ಮೋಡ ಕವಿಯಬಹುದು, ಅದಕ್ಕೇನೂ ಮಾಡುವಂತಿಲ್ಲ. ಕಾಡಿನಂಚಿನ ಊರು, ರಾತ್ರಿ ಆನೆ ಬರುತ್ತವೆ. ಹಾಗಾಗಿ ಬಯಲು ಬಿಟ್ಟು ಶಾಲೆಯ ತಾರಸಿಯನ್ನೇ ಆರಿಸಿದ್ದೇವೆ.

ಕಾರ್ಯಕ್ರಮದ ಪಟ್ಟಿಯಲ್ಲಿ ಮೊದಲು ಆರು ಉಪನ್ಯಾಸಗಳಿದ್ದವು. ಈಗ ಎರಡೇ ಇವೆ. ಮೊದಲನೆಯದು ರೇಡಿಯೊ ಕಥೆ. ಧನು ರಾಶಿಯ ದಿಕ್ಕಿನಿಂದ ಬರುವ ರೇಡಿಯೊ ಸದ್ದನ್ನು ಎಂಜಿನಿಯರ್ ಕಾರ್ಲ್ ಜಾನ್ಸ್ಕಿ 1933ರಲ್ಲಿ ಪ್ರಕಟಿಸಿದ್ದು, 1974ರಲ್ಲಿ ಖಗೋಳ ವಿಜ್ಞಾನಿಗಳಾದ ಬಾಲಿಕ್ ಮತ್ತು ಬ್ರೌನ್ ಅಲ್ಲೇ ಸ್ಯಾಜಿಟೇರಿಯಸ್ ಎ ಸ್ಟಾರ್ ಎಂಬ ಪುಟ್ಟ ಬಿಂದುವನ್ನು ಗುರುತಿಸಿದ್ದು, ಪುಣೆ ಹತ್ತಿರದ ಖೋಡದ್‌ನಲ್ಲಿರುವ ಜಿಎಂಆರ್‌ಟಿ ರೇಡಿಯೊ ದೂರದರ್ಶಕದ 45 ಮೀಟರ್ ಅಗಲದ 30 ಆಂಟೆನಾಗಳು. ಎರಡನೆಯದು 2022ರ ಮೇ ತಿಂಗಳಲ್ಲಿ ಬಂದ, ಆ ಬಿಂದುವಿನಲ್ಲಿರುವ ಕಪ್ಪುಕುಳಿಯ ಚಿತ್ರದ ಬಗ್ಗೆ. ಅದನ್ನು ಚಿಕ್ಕದಾಗಿಯೇ ಇಟ್ಟಿದ್ದೇವೆ. ಆ ಚಿತ್ರವನ್ನು ಎಲ್ಲರೂ ನೋಡಿದ್ದಾರೆ, ಅದರ ಹಿಂದಿನ ಲೆಕ್ಕವನ್ನು ಕೈಯಾರೆ ಮಾಡಿದವರು ಕಡಿಮೆ.

ನಡುವೆ ಒಂದು ಪ್ರಯೋಗ. ನಾವಿರುವಲ್ಲಿಂದ ಅಲ್ಲಿಗೆ ಸುಮಾರು 27 ಸಾವಿರ ಜ್ಯೋತಿರ್ವರ್ಷ. ದಾರಿಯುದ್ದಕ್ಕೂ ಧೂಳು. ಅಲ್ಲಿಂದ ಹೊರಟ ಕಣ್ಣಿಗೆ ಕಾಣುವ ಬೆಳಕಿನಲ್ಲಿ ನಮಗೆ ಮುಟ್ಟುವುದು ಲಕ್ಷ ಕೋಟಿಗೆ ಒಂದು ಪಾಲು. ಕಣ್ಣಿಗೆ ಕಾಣದ, 2.2 ಮೈಕ್ರಾನ್ ಅಲೆಯುದ್ದದ ಅವಗೆಂಪು (ಇನ್‌ಫ್ರಾರೆಡ್) ಬೆಳಕಿನಲ್ಲಾದರೆ ಹತ್ತಕ್ಕೆ ಒಂದರ ಹತ್ತಿರ. ಇದನ್ನು ತೋರಿಸಲು ಅವಗೆಂಪು ಬೆಳಕು ಬಿಡುವ ಟಿವಿ ರಿಮೋಟ್, ಮೊಬೈಲ್ ಕ್ಯಾಮೆರಾ ಮತ್ತು ಗಾಜಿನ ಲೋಟದಲ್ಲಿ ಕೋಲಾ ಸಾಕು. ಕಣ್ಣಿಗೆ ಕಪ್ಪಾಗಿ ಕಾಣುವ ಕೋಲಾದ ಆಚೆಗಿನ ರಿಮೋಟ್ ಬಲ್ಬು ಮೊಬೈಲ್ ಪರದೆಯಲ್ಲಿ ಮಿನುಗುತ್ತದೆ. ಕೋಲಾ ಬೆಳಕನ್ನು ತಡೆಯುವುದು ತನ್ನ ಬಣ್ಣದಿಂದ, ಧೂಳು ತಡೆಯುವುದು ಕಣಗಳ ಗಾತ್ರದಿಂದ. ಈ ವ್ಯತ್ಯಾಸವನ್ನು ಅಲ್ಲೇ ಹೇಳಿಬಿಡಬೇಕು.

ಈಗ ನನ್ನ ಮನಸ್ಸೆಲ್ಲ ಇರುವ ಭಾಗ. ಎಸ್2 ಎಂಬ ನಕ್ಷತ್ರ ಆ ಕಪ್ಪುಕುಳಿಯನ್ನು ಸುಮಾರು 16 ವರ್ಷಕ್ಕೊಮ್ಮೆ ಸುತ್ತುತ್ತದೆ. ಭೂಮಿ–ಸೂರ್ಯರ ದೂರವನ್ನು ಒಂದು ಎಂದು ಹಿಡಿದರೆ, ಅದರ ಕಕ್ಷೆಯ ಉದ್ದದ ಅರ್ಧ ಸುಮಾರು 1,000. ಕೆಪ್ಲರ್‌ನ ಮೂರನೇ ನಿಯಮದ ಪ್ರಕಾರ ದೂರದ ಘನವನ್ನು ಕಾಲದ ವರ್ಗದಿಂದ ಭಾಗಿಸಬೇಕು. ನೂರು ಕೋಟಿ ಭಾಗಿಸು 256. ಬರುವುದು 39 ಲಕ್ಷ. ಅಷ್ಟು ಸೂರ್ಯರ ತೂಕ! ಸಂಶೋಧಕರ ಅಂಕಿ 43 ಲಕ್ಷದ ಹತ್ತಿರ. ಗೆನ್ಜೆಲ್ ಮತ್ತು ಆಂಡ್ರಿಯಾ ಗೆಜ್ ಅವರಿಗೆ 2020ರಲ್ಲಿ ನೊಬೆಲ್ ತಂದುಕೊಟ್ಟ ಕೆಲಸದ ತಿರುಳನ್ನು ಒಂಬತ್ತನೇ ತರಗತಿಯ ಗಣಿತದಲ್ಲಿ ಮುಟ್ಟಬಹುದು. ಇದಕ್ಕಾಗಿಯೇ ಈ ಕಾರ್ಯಾಗಾರ.

ಆದರೆ ಒಂದು ತೊಡಕಿದೆ. ಕಕ್ಷೆ ನಮಗೆ ಓರೆಯಾಗಿ ಕಾಣುತ್ತದೆ. ಹಾಳೆಯ ಮೇಲೆ ಅಂಡಾಕಾರವೇ ಬರುತ್ತದೆ, ಆದರೆ ನಿಜವಾದ ಕಕ್ಷೆಯಲ್ಲಿ ಇರುವಂತೆ ಕಪ್ಪುಕುಳಿ ಅದರ ನಾಭಿಯಲ್ಲಿ (ಫೋಕಸ್) ಕೂರುವುದಿಲ್ಲ. ಹುಷಾರಾದ ಮೇಷ್ಟ್ರು ಯಾರಾದರೂ ಇದನ್ನು ಕೇಳಿಯೇ ಕೇಳುತ್ತಾರೆ. ಹಾಗಾಗಿ ಎರಡು ಹಾಳೆ ಕೊಡುತ್ತೇವೆ. ಮೊದಲನೆಯದು ಆಕಾಶದಲ್ಲಿ ಕಂಡಂತೆ. ಅದರಲ್ಲಿ ಗ್ರಾಫ್ ಚೌಕ ಎಣಿಸಿ, ಸಮಾನ ಕಾಲಕ್ಕೆ ಸಮಾನ ವಿಸ್ತೀರ್ಣ ಬರುತ್ತದೆಯೇ ಎಂದು ನೋಡಬೇಕು. ಓರೆಯಾದರೂ ಈ ನಿಯಮ ಉಳಿಯುತ್ತದೆ, ಏಕೆಂದರೆ ಎಲ್ಲ ವಿಸ್ತೀರ್ಣವೂ ಒಂದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಎರಡನೆಯದು ಓರೆ ತೆಗೆದ ಕಕ್ಷೆ, ಮಿಲಿಮೀಟರಿಗೆ 10 ಭೂಮಿ–ಸೂರ್ಯ ದೂರ. ಉದ್ದ ಸುಮಾರು 20 ಸೆಂಟಿಮೀಟರ್, ಎ4 ಹಾಳೆಗೆ ಸರಿಹೋಗುತ್ತದೆ. ಕಪ್ಪುಕುಳಿಯ ಚುಕ್ಕಿ ತುದಿಯಿಂದ ಬರೀ 12 ಮಿಲಿಮೀಟರ್! ಎಸ್2 2018ರ ಮೇ ತಿಂಗಳಲ್ಲಿ ಆ ಸಂದಿಯಲ್ಲೇ ಸೆಕೆಂಡಿಗೆ 7,000 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ದಾಟಿತು. ಅದೇ ಅಳತೆಯಲ್ಲಿ ನೆಪ್ಚೂನ್ ಕಕ್ಷೆಯನ್ನು 3 ಮಿಲಿಮೀಟರ್ ತ್ರಿಜ್ಯದ ವೃತ್ತವಾಗಿ ಪಕ್ಕದಲ್ಲಿ ಬರೆದಿದ್ದೇನೆ. 40 ಲಕ್ಷ ಸೂರ್ಯರನ್ನು ಎಷ್ಟು ಇಕ್ಕಟ್ಟಿನ ಜಾಗದಲ್ಲಿ ತುರುಕಿದಂತಿದೆ ಎಂಬುದು ಆಗ ಕಣ್ಣಿಗೇ ಕಾಣುತ್ತದೆ.

ಕರಡು ಹಾಳೆಯನ್ನು ಇಬ್ಬರು ಮೇಷ್ಟ್ರುಗಳ ಕೈಗೆ ಕೊಟ್ಟು ನೋಡಿದೆವು. ಒಬ್ಬರಿಗೆ 36 ಲಕ್ಷ ಬಂತು, ಇನ್ನೊಬ್ಬರಿಗೆ 44 ಲಕ್ಷ. ಈ ಅಂತರ ಏಕೆ ಬಂತು ಎಂದು ಅವರಿಬ್ಬರೇ ಅರ್ಧ ಗಂಟೆ ಮಾತಾಡಿದರು. ಉದ್ದ ಅಳೆಯುವಾಗಿನ ನೂರಕ್ಕೆ ಮೂರೇ ಪಾಲು ವ್ಯತ್ಯಾಸ, ಘನ ಮಾಡಿದಾಗ ನೂರಕ್ಕೆ ಒಂಬತ್ತಾಗುತ್ತದೆ. ಈ ಚರ್ಚೆಗೆ ಮಧ್ಯಾಹ್ನ ಒಂದು ಗಂಟೆ ಸೇರಿಸಿದೆ. ಕಪ್ಪುಕುಳಿ ಚಿತ್ರದ ಉಪನ್ಯಾಸ ಇನ್ನೂ ಚಿಕ್ಕದಾಯಿತು.

ಊಟವನ್ನು ಊರಿನವರು ಒಪ್ಪಿಕೊಂಡಿದ್ದಾರೆ. ಮೈಸೂರಿನಿಂದ ಟೆಂಪೊ ಗೊತ್ತಾಗಿದೆ. ಇನ್ನು ಹಾಳೆಗಳು ಮುದ್ರಣಕ್ಕೆ ಹೋಗಬೇಕು, ತಾರಸಿಯ ದೀಪ ಆರಿಸುವ ಸ್ವಿಚ್ ಎಲ್ಲಿದೆ ಎಂದು ಶಾಲೆಯವರನ್ನು ಕೇಳಬೇಕು.