ತಾಪಮಾನ ಸಿಗುವುದು ಚಿಪ್ಪು ತೊಳೆಯುವಾಗ

ಹಿಂದಿನ ಕಾಲದ ಸಮುದ್ರ ಎಷ್ಟು ಬೆಚ್ಚಗಿತ್ತು ಎಂದು ಹುಡುಕುವುದು ನಮ್ಮ ಲ್ಯಾಬಿನ ಕೆಲಸ. ಹೊಸದಾಗಿ ಬಂದವರ ಕಣ್ಣೆಲ್ಲ ಮಾಸ್ ಸ್ಪೆಕ್ಟ್ರೋಮೀಟರ್ ಮೇಲೆ, ಅಂದರೆ ಪರಮಾಣುಗಳನ್ನು ತೂಕದ ಮೇಲೆ ಬೇರ್ಪಡಿಸಿ ಅಳೆಯುವ ಯಂತ್ರದ ಮೇಲೆ. ನಾನು ಮೊದಲು ಕೈಗೆ ಕೊಡುವುದು ತೆಳ್ಳನೆಯ ಬ್ರಷ್. ಮುಖ ಸಪ್ಪಗಾಗುತ್ತದೆ, ಆಗಲಿ.

ಸಮುದ್ರದ ತಳಕ್ಕೆ ಕೊಳವೆ ಇಳಿಸಿ ತೆಗೆದ ಕೆಸರನ್ನು 63 ಮೈಕ್ರಾನ್ ಜರಡಿಯಲ್ಲಿ ತೊಳೆದರೆ ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳ ಸುಣ್ಣದ ಚಿಪ್ಪು ಉಳಿಯುತ್ತದೆ. ನಮಗೆ ಬೇಕಾದ್ದು ಸಣ್ಣ ರವೆಯಷ್ಟಿರುವ ಗ್ಲೋಬಿಜೆರಿನಾಯ್ಡಿಸ್ ರೂಬರ್. ಇದು ಸಮುದ್ರದ ಮೇಲ್ಪದರದಲ್ಲಿ ಬದುಕುವ ಜಾತಿ. ಮೈಕ್ರೋಸ್ಕೋಪ್ ಕೆಳಗೆ ಒದ್ದೆ ಬ್ರಷ್ಷಿನ ತುದಿಗೆ ಅಂಟಿಸಿಕೊಂಡು ಒಂದೊಂದನ್ನೇ ಆರಿಸಬೇಕು.

ಚಿಪ್ಪು ಕಟ್ಟುವಾಗ ನೀರು ಬೆಚ್ಚಗಿದ್ದಷ್ಟೂ ಅದರೊಳಗೆ ಮೆಗ್ನೀಸಿಯಂ ಜಾಸ್ತಿ ಸೇರುತ್ತದೆ. ಒಂದು ಡಿಗ್ರಿ ಏರಿದರೆ ಮೆಗ್ನೀಸಿಯಂ-ಕ್ಯಾಲ್ಸಿಯಂ ಅನುಪಾತ ಹೆಚ್ಚುಕಡಿಮೆ 9% ಏರುತ್ತದೆ. ಕೇಳೋಕೆ ಸುಲಭ, ಅಲ್ವಾ? ಆದರೆ ಚಿಪ್ಪಿನ ಕೋಣೆಗಳಲ್ಲಿ ಜೇಡಿಮಣ್ಣು ಮೆತ್ತಿಕೊಂಡಿರುತ್ತದೆ, ಅದರಲ್ಲೂ ಮೆಗ್ನೀಸಿಯಂ ಇದೆ. ಮಣ್ಣು ಉಳಿದು ಅನುಪಾತ 9% ಹೆಚ್ಚು ಬಂತೆನ್ನಿ, ಇಲ್ಲದ ಒಂದು ಡಿಗ್ರಿ ಬಿಸಿ ನಮ್ಮ ಗ್ರಾಫಿಗೆ ಬಂದು ಕೂತಿತು.

ಅದಕ್ಕೇ ಇಷ್ಟೆಲ್ಲ ಪಾಡು. ಚಿಪ್ಪನ್ನು ಎರಡು ಗಾಜಿನ ನಡುವೆ ಹಗುರವಾಗಿ ಒತ್ತಿ ಕೋಣೆ ಒಡೆಯಬೇಕು. ಜಾಸ್ತಿ ಒತ್ತಿದರೆ ಪುಡಿಯಾಗಿ ತೊಳೆದ ನೀರಿನ ಜೊತೆ ಹೋಗಿಬಿಡುತ್ತದೆ. ನೀರು, ಮೆಥನಾಲ್ ಹಾಕಿ ಅಲ್ಟ್ರಾಸಾನಿಕ್‌ನಲ್ಲಿ ಅಲ್ಲಾಡಿಸಿ, ಮೇಲೆ ತೇಲುವ ಬಿಳಿ ಕದಡನ್ನು ಚೆಲ್ಲಬೇಕು. ಕದಡು ನಿಲ್ಲುವವರೆಗೂ ಮತ್ತೆ ಮತ್ತೆ. ಆಮೇಲೆ ಜೈವಿಕ ಕೊಳೆಗೆ ಹೈಡ್ರೋಜನ್ ಪೆರಾಕ್ಸೈಡ್, ಕೊನೆಗೆ ತೀರಾ ತೆಳು ಆಮ್ಲ.

ಇಷ್ಟಾದರೂ ನಂಬುವ ಹಾಗಿಲ್ಲ. ಮೆಗ್ನೀಸಿಯಂ ಜೊತೆಗೆ ಜೇಡಿಮಣ್ಣಿನಲ್ಲಿ ಹೆಚ್ಚಿರುವ ಅಲ್ಯೂಮಿನಿಯಂ, ಕಬ್ಬಿಣವನ್ನೂ ಅಳೆಯುತ್ತೇವೆ. ಮೆಗ್ನೀಸಿಯಂ ಏರಿದಲ್ಲೆಲ್ಲ ಅಲ್ಯೂಮಿನಿಯಂ ಕೂಡ ಏರಿದ್ದರೆ ಅದು ಬೆಚ್ಚಗಿನ ಸಮುದ್ರವಲ್ಲ, ಮಣ್ಣು.

ಆಮ್ಲಜನಕದ ಐಸೋಟೋಪುಗಳಿಗೂ, ಅಂದರೆ ಅದರ ಹಗುರ ಮತ್ತು ಭಾರದ ರೂಪಗಳಿಗೂ, ಇದೇ ಅನುಮಾನ ಬೇಕು. ಚಿಪ್ಪಿನಲ್ಲಿ ಅವುಗಳ ಪ್ರಮಾಣವೂ ತಾಪಮಾನದ ಜೊತೆ ಬದಲಾಗುತ್ತದೆ. 1955ರಲ್ಲಿ ವಿಜ್ಞಾನಿ ಎಮಿಲಿಯಾನಿ ಅವುಗಳ ಏರಿಳಿತವನ್ನು ಬಹುಪಾಲು ತಾಪಮಾನವೆಂದೇ ಓದಿದರು. 1967ರಲ್ಲಿ ಇನ್ನೊಬ್ಬ ವಿಜ್ಞಾನಿ ಶ್ಯಾಕಲ್ಟನ್ ಅದರಲ್ಲಿ ದೊಡ್ಡ ಪಾಲು ಹಗುರ ಆಮ್ಲಜನಕವನ್ನು ಹಿಡಿದಿಟ್ಟು ಭೂಮಿಯ ಮೇಲೆ ಕಟ್ಟಿದ್ದ ಹಿಮದ್ದು ಎಂದು ವಾದಿಸಿದರು. ಬಂಗಾಳ ಕೊಲ್ಲಿಯಲ್ಲಂತೂ ಗಂಗೆ, ಬ್ರಹ್ಮಪುತ್ರದ ಸಿಹಿನೀರು ಈ ಲೆಕ್ಕವನ್ನು ಇನ್ನೊಂದು ಕಡೆಗೆ ಎಳೆಯುತ್ತದೆ. ಅದಕ್ಕೇ ಎರಡನ್ನೂ ಅಳೆಯುತ್ತೇವೆ. ಮೆಗ್ನೀಸಿಯಂನಿಂದ ತಾಪಮಾನ ತೆಗೆದು, ಅದನ್ನು ಐಸೋಟೋಪಿನಿಂದ ಕಳೆದು, ಹಿಮದ ಪಾಲನ್ನೂ ತೆಗೆದರೆ ಉಳಿದದ್ದು ನೀರಿನ ಉಪ್ಪಿನ ಬಗ್ಗೆ ಹೇಳುತ್ತದೆ. ಅಂದರೆ ಆಗಿನ ಮಳೆಗಾಲದ ಬಗ್ಗೆ.

ಈಗ ನಮ್ಮಲ್ಲಿ ಯಾರೇ ತಾಪಮಾನದ ಗ್ರಾಫ್ ತಂದರೂ ಪಕ್ಕದಲ್ಲೇ ಅಲ್ಯೂಮಿನಿಯಂ ಗ್ರಾಫ್ ಇರಲೇಬೇಕು. ಇಲ್ಲದಿದ್ದರೆ ಮೀಟಿಂಗ್ ಮುಂದಕ್ಕೆ ಹೋಗುವುದೇ ಇಲ್ಲ.